ಮಾವನ ಗದ್ದೆಯ ಮೂರು ಪಾಲು

ನನ್ನ ಮಾವನವರ ಹಿಮ್ಮಡಿಯ ಬಿರುಕುಗಳಲ್ಲಿ ಕೂತ ಮಣ್ಣನ್ನು ಯಾವ ಸಾಬೂನೂ ತೆಗೆಯಲಿಲ್ಲ. ಗದ್ದೆಗೆ ಇಳಿದೊಡನೆ ಆ ಹಿಮ್ಮಡಿಯನ್ನು ನೆಲಕ್ಕೆ ಊರಿ, ಎಷ್ಟು ಆಳ ಇಳಿಯಿತೆಂದು ಬಗ್ಗಿ ನೋಡುವರು. ಇಳಿಯದಿದ್ದರೆ “ಇದಕ್ಕ ಹಸಿವಾಗೇತಿ” ಎನ್ನುವರು.

ನನ್ನ ಹೆಂಡತಿಯ ತಂದೆ ಅವರು, ನೇಸರಿ ಊರಿನ ರೈತರು. ನಾನು ಇಚಲಕರಂಜಿಯ ಮಗ್ಗದ ಮುಂದೆ ನಿಂತು ದುಡಿದು, ಗಡಹಿಂಗ್ಲಜದಲ್ಲಿ ಗೊಬ್ಬರದ ಅಂಗಡಿ ಇಟ್ಟವನು. ಮಾವನವರು ಪ್ರತಿ ಬೇಸಿಗೆ ಗದ್ದೆಯಲ್ಲಿ ಕುರಿಮಂದೆ ಕೂಡಿಸುವರು. ಕುರಿಗಾರನಿಗೆ ಕಾಳು ಅಳೆದು ಕೊಟ್ಟರೆ ಮಂದೆ ಅಲ್ಲೇ ರಾತ್ರಿ ಕಳೆದು ಹಿಕ್ಕೆ, ಗಂಜಲ ಬಿಟ್ಟು ಹೋಗುತ್ತದೆ.

“ನಿಮ್ಮ ಚೀಲದಾಗ ಜೀವ ಎಲ್ಲೈತ್ರಿ, ಅಳಿಯಂದ್ರ?” ಎಂದು ಅವರು ಕೆಣಕುವರು.

“ನಿಮ್ಮ ಕುರ್ಯಾಗ ರಾಶಿ ಎಲ್ಲೈತ್ರಿ, ಮಾವಾ?” ಎಂದು ನಾನು.

ಈ ತಮಾಷೆ ನಿಜದ ಪ್ರಶ್ನೆಯಾದದ್ದು ಅವರ ತಮ್ಮ, ನಮ್ಮ ಸಣ್ಣಮಾವ, ಗದ್ದೆಗೆ ಕಬ್ಬು ಹಚ್ಚೋಣವೆಂದು ಹಟ ಹಿಡಿದಾಗ. ಮಾವನವರು ಬೆಳೆಯುತ್ತಿದ್ದದ್ದು ಘನಸಾಳ, ಕುದಿಯುವಾಗಲೇ ಓಣಿಗೆಲ್ಲ ಪರಿಮಳ ಹರಡುವ ಭತ್ತ. ಅದನ್ನು ಬಿಡಲು ಅವರಿಗೆ ಮನಸ್ಸಿರಲಿಲ್ಲ.

“ಒಂದ ಸುಗ್ಗಿ ತಡಿ. ರಾಶಿ ಬರಲಿಲ್ಲಂದ್ರ ಕಬ್ಬಿನ ಬೀಜ ನಾನ ತರ್ತೇನಿ,” ಎಂದರು.

ಯಾವ ಗೊಬ್ಬರಕ್ಕೆ ರಾಶಿ ಹೆಚ್ಚೆಂದು ನೋಡಲು ಗದ್ದೆಯನ್ನು ಮೂರು ಪಾಲು ಮಾಡಿದರು. ಒಂದಕ್ಕೆ ಕುರಿಗೊಬ್ಬರ ಮಾತ್ರ. ಒಂದಕ್ಕೆ ನನ್ನ ಅಂಗಡಿಯದು ಮಾತ್ರ. ಮಂದೆ ಕೂರದ ಆ ಅಂಚಿಗೆ ವರ್ಷಗಳಿಂದ ಸಗಣಿಯೂ ಬಿದ್ದಿರಲಿಲ್ಲ. ನಡುವಿನದಕ್ಕೆ ಕುರಿಗೊಬ್ಬರ, ಜೊತೆಗೆ ಅರ್ಧ ಪ್ರಮಾಣದ ಯೂರಿಯಾ. ಆಮೇಲೆ ನಾನು ಹೋದಾಗಲೆಲ್ಲ ಊಟಕ್ಕಿಂತ ಮೊದಲು ಬದುವಿಗೇ ಎಳೆದೊಯ್ಯುವರು. “ಯಾಕ್ರಿ ಇದು ಹಸರ, ಅದು ಹಳದಿ? ಹೇಳ್ರಲಾ, ನೀವು ವ್ಯಾಪಾರದವ್ರು!”

ಒಂದು ದಿನ ಕುರಿಗೊಬ್ಬರದ ಪಾಲಿನ ಒಂದು ಮೂಲೆ ಮಾತ್ರ ಕಡುಹಸಿರಾಗಿ ಎದ್ದುನಿಂತಿತ್ತು. ಸಣ್ಣಮಾವ ತಲೆ ತಗ್ಗಿಸಿದರು. “ಅಣ್ಣಾ, ಪೈರು ಬಾಡಿಧಾಂಗ ಕಂಡ್ತು, ನೋಡಾಕ ಆಗಲಿಲ್ಲ. ಮಂದಿ ನಗ್ತಾರಂತ ಜರಾ ಯೂರಿಯಾ ಒಗದೆ.”

ಕಬ್ಬು ಬೇಕೆಂದವರೇ ಭತ್ತಕ್ಕೆ ಕರಗಿದ್ದರು! ಪರೀಕ್ಷೆ ಕೆಟ್ಟಿತೆಂದು ನಾನು ಹಣೆ ಹಿಡಿದುಕೊಂಡೆ. ಮಾವನವರ ಕಣ್ಣು ಮಾತ್ರ ಅರಳಿದ್ದವು.

“ಬೈಯೂದು ಆಮ್ಯಾಲ. ಮೊದಲ ಹೇಳು, ಎಷ್ಟ ಒಗದಿ?”

“ಎರಡ ಬುಟ್ಟಿ.”

“ಭಾಳ ಆತಲೇ! ಇರ್ಲಿ, ನಮಗ ನಾಕನೇ ಪಾಲೊಂದು ಸಿಕ್ತು.”

ಹಿಂಗಾರು ಮಳೆಗೆ ಆ ಸೊಕ್ಕಿದ ಮೂಲೆ ನೆಲಕ್ಕೆ ಮಲಗಿತು. ಬರೀ ಕುರಿಗೊಬ್ಬರದ ಪಾಲು ನೆಟ್ಟಗೆ ನಿಂತರೂ ಕಾಳು ಕಡಿಮೆ. ನನ್ನ ಗೊಬ್ಬರದ ಪಾಲಿನ ರಾಶಿ ತಕ್ಕಮಟ್ಟಿಗಿತ್ತು. ಆದರೆ ಕೊಯ್ಲಿನ ನಂತರ ಅಲ್ಲಿಯ ಹೆಂಟೆ ಕಲ್ಲಿನಂತೆ, ಕುರಿ ಕೂತ ಕಡೆಯದು ಹಿಡಿದರೆ ಪುಡಿ. ನಡುವಿನ ಪಾಲು ಎಲ್ಲವನ್ನೂ ಮೀರಿಸಿತು.

“ನಾನೂ ಪೂರಾ ಖರೆ ಅಲ್ಲ, ನೀವೂ ಅಲ್ಲ,” ಎಂದು ಮಾವನವರು ಹೊಟ್ಟೆ ಹಿಡಿದು ನಕ್ಕರು. ಸಣ್ಣಮಾವ ಆ ವರ್ಷ ಕಬ್ಬಿನ ಮಾತೆತ್ತಲಿಲ್ಲ.

ಅಂದಿನಿಂದ ಅಂಗಡಿಗೆ ಬಂದವರನ್ನು ನಾನು ಮೊದಲು ಅವರ ತಿಪ್ಪೆಯ ಬಗ್ಗೆ ಕೇಳುತ್ತೇನೆ. ಚೀಲ ಒಂದು ಕಡಿಮೆ ಹೋಗಬಹುದು, ಗಿರಾಕಿ ಮರುವರ್ಷವೂ ಬರುತ್ತಾನೆ. ನೀವು ಕೊಳ್ಳುವವರಾದರೂ ಅಷ್ಟೇ: ತಿಪ್ಪೆ ನೋಡಿಕೊಂಡು ಅಂಗಡಿಗೆ ಹೋಗಿ.

ಮುಂದಿನ ಬೇಸಿಗೆಯಲ್ಲಿ ಮಾವನವರು ತೀರಿಕೊಂಡರು. ಇನ್ನು ಗದ್ದೆ ಕಬ್ಬಿಗೆ ಹೋಯಿತೆಂದುಕೊಂಡೆ. ದಿನಕರ್ಮಗಳು ಮುಗಿದ ಮೇಲೆ ಸಣ್ಣಮಾವನ ಫೋನು ಬಂತು. “ಅಳಿಯಂದ್ರ, ಕುರಿಯಾಂವ ಕಾಳು ಭಾಳ ಕೇಳಾಕತ್ತಾನ. ಚೌಕಾಶಿ ನಿಮಗ ಬರತೈತಿ, ಬರ್ರಿ.”

ಸಿಕ್ಕ ಬಸ್ಸು ಹಿಡಿದು ಹೋದೆ. ಕಾಳು ಅವನು ಕೇಳಿದಷ್ಟೇ ಇರಲಿ ಎಂದೆ; ಮಂದೆ ಒಂದು ರಾತ್ರಿ ಹೆಚ್ಚು ಕೂರಬೇಕೆಂದು ಮಾತ್ರ ಪಟ್ಟು ಬಿಡಲಿಲ್ಲ.