ಮಾವನ ನೀರಿನ ಲಾರಿ

ದೇವದುರ್ಗದ ಮನೆಯ ಪಡಸಾಲೆಯ ಗೋಡೆಯ ಮೇಲಿನ ಚಿತ್ರದಲ್ಲಿ ತೀರಿಹೋದ ನನ್ನ ಸೋದರಮಾವ ಟ್ಯಾಂಕಿನ ಮುಂದೆ ನಿಂತಿದ್ದರು. ಹಿಂದೆ ಬೆಂಕಿ, ಹೊಗೆ, ಮೇಲೆ ಬಾವುಟ. ಚಿತ್ರ ಮಾಡಿದವರು ಅವರ ಕಪ್ಪು ಮುಖವನ್ನು ಗೋಧಿ ಬಣ್ಣಕ್ಕೆ ತಂದಿದ್ದರು. ಮಾವ ಎಪ್ಪತ್ತೊಂದರ ಯುದ್ಧದಲ್ಲಿ ಸೈನ್ಯದ ಡ್ರೈವರ್ ಆಗಿದ್ದದ್ದು ನಿಜ. ಟ್ಯಾಂಕ್ ಓಡಿಸಿದ್ದು ಸುಳ್ಳು. ಚಿತ್ರದಲ್ಲಿದ್ದ ಟ್ಯಾಂಕ್ ಆ ಯುದ್ಧದ ಕಾಲಕ್ಕೆ ಇನ್ನೂ ತಯಾರೇ ಆಗಿರಲಿಲ್ಲ. ಅದನ್ನು ಮೊದಲ ಸಲ ನೋಡಿದಾಗ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ನಾನು ರಾಯಚೂರಿನಲ್ಲಿ ಡಿಪ್ಲೊಮಾ ಓದುವವರಿಗೆ ಮಷಿನ್ ಡ್ರಾಯಿಂಗ್ ಕಲಿಸುತ್ತೇನೆ. ಬಿಡುವಿದ್ದಾಗ ಪ್ಲಾಸ್ಟಿಕ್ ಹಾಳೆ, ತಂತಿ, ಪೈಪಿನ ತುಂಡುಗಳಿಂದ ಸಣ್ಣ ಮಾದರಿಗಳನ್ನು ಮಾಡುತ್ತೇನೆ. ಶಕ್ತಿನಗರದ ವಿದ್ಯುತ್ ಸ್ಥಾವರದ ಚಿಮಣಿಗಳನ್ನು ಮಾಡಿದ್ದನ್ನು ಅತ್ತೆ, ಅಂದರೆ ಮಾವನ ಹೆಂಡತಿ, ನೋಡಿದ್ದರು. ಅದಕ್ಕೇ ಕೇಳಿದರು.

"ಈ ಸಲ ಹಿರೇರ ಹಬ್ಬಕ್ಕ ಎಡಿಯಾಗ ಅವರ ಗಾಡಿ ಇಡಬೇಕು ಯವ್ವಾ. ಮಾಡಿಕೊಡ್ತಿಯೇನು?"

ನಮ್ಮಲ್ಲಿ ಆ ದಿನ ತೀರಿಹೋದವರ ಮುಂದೆ ಅಡುಗೆ, ಹೊಸ ಬಟ್ಟೆಯ ಜೊತೆಗೆ ಅವರು ಕೈಯಲ್ಲಿ ಹಿಡಿದು ದುಡಿದ ವಸ್ತುವನ್ನೂ ಇಡುತ್ತಾರೆ. ಅಜ್ಜನಿಗೆ ಕುಡುಗೋಲು, ಅಜ್ಜಿಗೆ ಕಾಳು ಕೇರುವ ಮರ. ಮಾವನ ಪಾಲಿಗೆ ಮಾತ್ರ ಇಷ್ಟು ವರ್ಷ ಬೀಡಿಕಟ್ಟು ಬಿಟ್ಟರೆ ಏನೂ ಇರಲಿಲ್ಲ.

ಮಾವನ ಮಗ ಹೈಸ್ಕೂಲ್ ಮಾಸ್ತರ. ಪಡಸಾಲೆಯ ಚಿತ್ರವನ್ನು ಮಾಡಿಸಿದವನು ಅವನೇ. "ಅದಕ್ಕ್ಯಾಕ ಇಷ್ಟು ತ್ರಾಸ? ಆಟಗಿ ಸಾಮಾನಿನ ಅಂಗಡ್ಯಾಗ ಟ್ಯಾಂಕ್ ಸಿಗ್ತಾವ, ಒಂದು ತಂದಿಟ್ರಾತು" ಎಂದ.

"ನಿಮ್ಮಪ್ಪ ಟ್ಯಾಂಕ್ ಓಡಿಸಿಲ್ಲೋ. ನೀರಿನ ಗಾಡಿ ಓಡಿಸ್ಯಾರ. ಬ್ಯಾರೇದು ಇಟ್ರ ಅವರು ಎಡಿ ಕಡಿ ತಿರುಗಿನೂ ನೋಡಂಗಿಲ್ಲ" ಎಂದರು ಅತ್ತೆ.

"ಯವ್ವಾ, ನೀರಿನ ಗಾಡಿ ಅಂತ ಮಂದಿ ಮುಂದ ಅನ್ನಬ್ಯಾಡ. ನಗ್ತಾರ."

ಯುದ್ಧಕಾಲದ ಫೋಟೋಗಳು ಮೂರು ಇದ್ದವು. ಮೊದಲನೆಯದರಲ್ಲಿದ್ದ ಸಮವಸ್ತ್ರದ ಮಾವನನ್ನೇ ಕತ್ತರಿಸಿ ಟ್ಯಾಂಕಿನ ಮುಂದೆ ನಿಲ್ಲಿಸಿದ್ದರು. ಎರಡನೆಯದರಲ್ಲಿ ಮಾವ ಲಾರಿಯ ಮಡ್‌ಗಾರ್ಡಿಗೆ ಒರಗಿದ್ದಾರೆ. ಲಾರಿಯ ಮುಂಭಾಗ ಮಾತ್ರ ಕಾಣುತ್ತದೆ. ಮುಂದೆ ಚಾಚಿದ ಬಾನೆಟ್, ಜಾಲರಿಯ ಸರಳುಗಳು, ದೀಪಗಳ ಜಾಗ, ಗಾಲಿಯ ನಟ್ಟುಗಳು. ಇವನ್ನು ಸೈನ್ಯದ ಹಳೆಯ ಗಾಡಿಗಳ ಚಿತ್ರಗಳೊಂದಿಗೆ ಒಂದೊಂದಾಗಿ ಹೋಲಿಸಿದೆ. ಶಕ್ತಿಮಾನ್ ಲಾರಿ ಎಂದು ಖಾತ್ರಿಯಾಯಿತು. ಆದರೆ ಅದೇ ಲಾರಿಯ ಮೇಲೆ ಸಾಮಾನಿನ ಡಬ್ಬಿಯೂ ಇರುತ್ತಿತ್ತು, ನೀರಿನ ಟಾಕಿಯೂ ಇರುತ್ತಿತ್ತು. ಹಿಂಭಾಗ ನೋಡದೆ ಮಾಡುವಂತಿರಲಿಲ್ಲ. ಹಿಂಭಾಗವಿದ್ದದ್ದು ಮೂರನೆಯ ಫೋಟೋದಲ್ಲಿ ಎಂದು ಮಾವನ ಮಗ ಹೇಳಿದ, ಆದರೆ ಚಿತ್ರ ಮಾಡಿಸಲು ಕೊಟ್ಟ ಮೂರರಲ್ಲಿ ಅದೊಂದು ಸ್ಟುಡಿಯೋದಿಂದ ವಾಪಸ್ಸು ಬಂದಿರಲಿಲ್ಲ.

ಚಿತ್ರ ಮಾಡಿಕೊಟ್ಟ ಸ್ಟುಡಿಯೋ ಮಾನ್ವಿಯಲ್ಲಿತ್ತು. ಹೋದೆ.

"ಮಾಸ್ತರ್ರು ಅದು ಬ್ಯಾಡ ಅಂದ್ರರಿ ಮೇಡಂ" ಎಂದ ಸ್ಟುಡಿಯೋದವನು, ಕಂಪ್ಯೂಟರಿನಿಂದ ಕಣ್ಣು ಕೀಳದೆ. "ಫ್ರೇಮು ಲೂಸ್ ಇತ್ತು. ಮಡಚಿ ಹಿಂದ ಒತ್ತು ಕೊಟ್ಟೀನಿ. ಮಸ್ತ್ ಟೈಟ್ ಕುಂತದ ನೋಡ್ರಿ."

ಮಾವನ ಯುದ್ಧ ಅವನಿಗೆ ಫ್ರೇಮು ಅಲುಗದಂತೆ ತುರುಕುವ ಕಾಗದವಾಗಿತ್ತು. ಏನೇನೋ ಅನ್ನಬೇಕೆಂದು ಬಾಯಿಗೆ ಬಂತು. "ಒಳ್ಳೇದ್ರಿ" ಎಂದಷ್ಟೇ ಹೇಳಿ ದೇವದುರ್ಗಕ್ಕೆ ಬಸ್ಸು ಹತ್ತಿದೆ.

ಟ್ಯಾಂಕಿನ ಚಿತ್ರವನ್ನು ಇಳಿಸಿ, ಹಿಂದಿನ ಮೊಳೆಗಳನ್ನು ಕಿತ್ತೆ. ಫೋಟೋ ಅಲ್ಲೇ ಇತ್ತು, ಎರಡು ಮಡಿಕೆಯಾಗಿ. ಬಿಡಿಸಿ ನೋಡಿದೆ. ಮರಳಿನ ಮೇಲೆ ಅದೇ ಲಾರಿ. ಹಿಂದೆ ಮೊಟ್ಟೆಯಾಕಾರದ ಟಾಕಿ. ಟಾಕಿಯ ಪಕ್ಕದ ಮೆಟ್ಟಿಲ ಮೇಲೆ ಒಬ್ಬ ಸೈನಿಕ ನಿಂತು ಪೈಪಿನಿಂದ ನೀರು ಬಿಡುತ್ತಿದ್ದಾನೆ. ಕೆಳಗೆ ಇನ್ನೊಬ್ಬ ಬಾಗಿ, ಬೊಗಸೆ ಒಡ್ಡಿ ಕುಡಿಯುತ್ತಿದ್ದಾನೆ. ನಿಂತವನ ಮುಖ ಟೋಪಿಯ ನೆರಳಿನಲ್ಲಿದೆ, ಬಾಗಿದವನ ಮುಖ ಬೊಗಸೆಯಲ್ಲಿ. ಮಡಿಕೆಯ ಬಿಳಿ ಗೀರು ಸರಿಯಾಗಿ ಆ ಬೊಗಸೆಯ ಮೇಲೆ ಹಾದಿತ್ತು.

ನಾನು ಮಾವನ ಮಗನ ಮೇಲೆ ಕೂಗಾಡಿದೆ. ಅವನೂ ಬಿಡಲಿಲ್ಲ.

"ಏನು ಮಾಡ್ಲಿ ಅಕ್ಕಾ? ನಮ್ಮಪ್ಪ ಮಂದಿ ಮುಂದ ಬಗ್ಗಿ ಬೊಗಸಿ ಒಡ್ಡಿದ್ದನ್ನ ಗ್ವಾಡಿಗಿ ತೂಗಹಾಕ್ಲೇನು? ಊರಾಗ ಒಡ್ಡಿದ್ದು ಸಾಲಲಿಲ್ಲೇನು?"

ನಮ್ಮ ಹಿಂದಿನ ಊರು ಬಾಗಲವಾಡದಲ್ಲಿ ನಮ್ಮವರು ಬಾವಿಯ ಹಗ್ಗ ಮುಟ್ಟುವಂತಿರಲಿಲ್ಲ. ಯಾರಾದರೂ ಬಂದು ಸೇದುವವರೆಗೆ ದೂರ ಕುಳಿತಿರಬೇಕಿತ್ತು. ಅವರು ಮೇಲಿನಿಂದ ಸುರಿಯುತ್ತಿದ್ದರು, ನಾವು ಬೊಗಸೆ ಒಡ್ಡುತ್ತಿದ್ದೆವು. ನೀರು ಮೊಣಕೈಯಿಂದ ಇಳಿದು ಲಂಗ ತೊಯ್ಯುತ್ತಿದ್ದದ್ದು ನನಗೇ ನೆನಪಿದೆ. ಮಾವ ಗಡಿಯಿಂದ ಈ ಫೋಟೋವನ್ನು ಅಂಚೆಯಲ್ಲಿ ಕಳಿಸಿದಾಗ ಅಜ್ಜಿ ನೋಡಿ, "ಅಷ್ಟು ದೂರ ಹೋದ್ರೂ ನನ ಮಗ ಬೊಗಸೀಲೇ ಕುಡ್ಯಾಕತ್ತಾನ" ಎಂದು ಅತ್ತಳಂತೆ. ಮಾವ ರಜೆಗೆ ಬರುವ ಮೊದಲೇ ಅದನ್ನು ಟ್ರಂಕಿನ ತಳಕ್ಕೆ ಹಾಕಿದಳು. ಆಮೇಲೆ ಮನೆಯಲ್ಲಿ ಯಾರೂ ಅದರ ಮಾತೆತ್ತಲಿಲ್ಲ.

ಹೀಗಾಗಿ ಬಾಗಿದವನೇ ಮಾವ ಎಂದು ನಾನೂ ನಂಬಿದೆ. ರಾಯಚೂರಿಗೆ ಬಂದು ಕೆಲಸ ಶುರುಮಾಡಿದೆ. ಪ್ಲಾಸ್ಟಿಕ್ ಪೈಪನ್ನು ಬಿಸಿಮಾಡಿ ಒತ್ತಿ ಟಾಕಿ ಮಾಡಿದೆ. ತಾಮ್ರದ ತಂತಿ ಬಗ್ಗಿಸಿ ನಲ್ಲಿಗಳನ್ನು ಮಾಡಿದೆ. ಬಾಗಿದವನಿಗೆ ಮಾವನ ಮೈಬಣ್ಣವನ್ನೇ ಕಲೆಸಿ ಹಚ್ಚಿದೆ. ನಿಂತವನನ್ನು ಸುಮ್ಮನೆ ಫೋಟೋದಲ್ಲಿ ಇದ್ದಂತೆ ಮಾಡಿದೆ.

ಕಣ್ಣಿನ ಡಾಕ್ಟರಿಗೆ ತೋರಿಸಲು ರಾಯಚೂರಿಗೆ ಬಂದಿದ್ದ ಅತ್ತೆ ನನ್ನ ಮೇಜಿನ ಹತ್ತಿರ ಕುಳಿತು ಮಾದರಿಯನ್ನು ಬಹಳ ಹೊತ್ತು ನೋಡಿದರು.

"ಇವನಿಗ್ಯಾಕ ಎಡಗೈಯಾಗ ಪೈಪ್ ಕೊಟ್ಟೀದಿ?"

"ಫೋಟೋದಾಗ ಹಂಗೇ ಅದ ಅತ್ತಿ."

ಅತ್ತೆ ನಿಧಾನವಾಗಿ ಹೇಳಿದರು. "ನಿಮ್ಮ ಮಾಮ ಎಡಚ ಇದ್ದರು. ಪಂಕ್ತ್ಯಾಗ ಬಡಸಾಕ ಬಿಡ್ತಿದ್ದಿಲ್ಲ. ಎಡಗೈಲೆ ಹಾಕ್ತಾನ ಅಂತ ಎಬ್ಬಿಸ್ತಿದ್ರು."

ನನಗೆ ಅದು ಮರೆತೇಹೋಗಿತ್ತು. ಆದರೂ ತಕ್ಷಣ ಒಪ್ಪಲಿಲ್ಲ. ಹಳೆಯ ಫೋಟೋಗಳನ್ನು ಕೆಲವೊಮ್ಮೆ ಫಿಲ್ಮು ತಿರುಗಿಸಿ ಅಚ್ಚು ಹಾಕಿಬಿಡುತ್ತಿದ್ದರು. ಆಗ ಬಲಗೈ ಎಡಗೈಯಾಗಿ ಕಾಣುತ್ತದೆ. ಭೂತಗನ್ನಡಿ ತಂದು ಲಾರಿಯ ಮುಂದಿನ ಗಾಜನ್ನು ನೋಡಿದೆ. ಫಿಲ್ಮು ತಿರುಗಿದ್ದರೆ ಸ್ಟೇರಿಂಗ್ ಗಾಡಿಯ ಎಡಭಾಗದಲ್ಲಿ ಕಾಣಬೇಕಿತ್ತು. ಗಾಜಿನ ಹಿಂದೆ ಸ್ಟೇರಿಂಗಿನ ಅರ್ಧ ಬಳೆ ಕಾಣಿಸಿತು. ಅದು ಬಲಭಾಗದಲ್ಲಿತ್ತು, ನಮ್ಮ ಎಲ್ಲ ಲಾರಿಗಳಲ್ಲಿ ಇರುವ ಹಾಗೆ. ಎರಡನೆಯ ಫೋಟೋದಲ್ಲೂ ಅಲ್ಲೇ. ಫೋಟೋ ಸರಿಯಾಗಿಯೇ ಇತ್ತು. ಎಡಗೈ ಎಡಗೈಯೇ. ಮೇಲೆ ನಿಂತು ನೀರು ಬಿಡುತ್ತಿದ್ದವರು ಮಾವ.

"ಅತ್ತಿ, ಮಾಮ ಕುಡ್ಯಾಕತ್ತಿಲ್ಲ. ಹಾಕಾಕತ್ತಾರ."

ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡರು. ನನಗೆ ಸಂತೋಷವಾಗಬೇಕಿತ್ತು. ಬಂದದ್ದು ಮೊದಲಿಗಿಂತ ದೊಡ್ಡ ಸಿಟ್ಟು. ಬಾಗಿದವನೊಬ್ಬ, ನಿಂತವನೊಬ್ಬ ಕಂಡರೆ ನಮ್ಮವನು ಬಾಗಿದವನೇ ಎಂದು ಹೆತ್ತ ತಾಯಿಗೆ ಅನ್ನಿಸುವಂತೆ ಯಾರು ಕಲಿಸಿದರು? ಅವಳು ಹಾಗೇ ನಂಬಿ ಸತ್ತಳು. ಮಗ ಹಾಗೇ ನಂಬಿ ಅಪ್ಪನನ್ನು ಟ್ಯಾಂಕಿನ ಮುಂದೆ ನಿಲ್ಲಿಸಿದ. ಅಳತೆ ಹಿಡಿದು ದುಡಿಯುವ ನಾನೂ ನಟ್ಟು, ಸರಳುಗಳನ್ನೆಲ್ಲ ನೋಡಿ ಆ ಕೈಯನ್ನು ನೋಡಲಿಲ್ಲ. ಸ್ಟುಡಿಯೋದವನನ್ನು ಬೈಯುವುದು ಸುಲಭ. ಇದಕ್ಕೆ ಯಾರನ್ನು ಹಿಡಿದು ಕೇಳಲಿ?

ಬಾಗಿದವನನ್ನು ಕಿತ್ತು ಬಿಸಾಡಲು ಚಿಮಟ ಎತ್ತಿಕೊಂಡೆ. ಅತ್ತೆ ಕೈ ಹಿಡಿದರು.

"ಅವನೂ ಇರ್ಲಿ ಬಿಡು. ಅವನಿಲ್ಲಂದ್ರ ಅವರು ನೀರು ಯಾರಿಗಿ ಹಾಕಬೇಕು?"

ಹಬ್ಬದ ದಿನ ದೇವದುರ್ಗದಲ್ಲಿ ಮಾವನ ಎಡೆಯ ಪಕ್ಕ ಲಾರಿ ಇಟ್ಟೆವು. ನಿಂತವನಿಗೆ ಮಾವನ ಬಣ್ಣ ಹಚ್ಚಿದ್ದೆ. ಬಾಗಿದವನ ಬಣ್ಣವನ್ನೂ ತೆಗೆದಿರಲಿಲ್ಲ, ಅವನಾರೆಂದು ನನಗೆ ಗೊತ್ತಿಲ್ಲ. ಮಾವನ ಮಗ ಮೂರನೆಯ ಫೋಟೋವನ್ನೂ ಭೂತಗನ್ನಡಿಯನ್ನೂ ಹಿಡಿದು ಕಿಟಕಿಯ ಬಳಿ ನಿಂತೇ ಇದ್ದ.

"ಈ ಕುಡಿಯಾಂವ ಯಾವ ಜಾತಿ ಮಂದಿ ಇರಬೇಕಕ್ಕಾ?" ಎಂದು ಕೇಳಿದ.

"ಅದನ್ನೇ ಕೇಳ್ತಿಯಲ್ಲಲೇ!" ಎಂದೆ. ನನ್ನ ದನಿ ಎಷ್ಟು ಏರಿತೆಂದರೆ ಒಳಗಿದ್ದವರು ಹೊರಗೆ ಬಂದರು. ಅವನು ತಲೆ ತಗ್ಗಿಸಿದ. ಆಮೇಲೆ ಸ್ಟೂಲು ಹಾಕಿಕೊಂಡು, ತಾನೇ ಮತ್ತೆ ತೂಗಹಾಕಿದ್ದ ಟ್ಯಾಂಕಿನ ಚಿತ್ರವನ್ನು ಇಳಿಸಿ, ಮುಖ ಗೋಡೆಗೆ ಮಾಡಿ ಇಟ್ಟ. ಅದೇ ಮೊಳೆಗೆ ಮೂರನೆಯ ಫೋಟೋವನ್ನು ಹಾಕಲು ಫ್ರೇಮು ಇರಲಿಲ್ಲ. ಗೀರು ಬಿದ್ದ ಆ ಫೋಟೋವನ್ನು ಲಾರಿಗೆ ಒರಗಿಸಿ ನಿಲ್ಲಿಸಿದ.

ಅತ್ತೆ ತಂಬಿಗೆ ತುಂಬ ನೀರು ತಂದರು. ಎಲೆಯ ಬಲಗಡೆ ಇಡಲು ಬಾಗಿದವರು ತಡೆದು, ಎಡಗಡೆ ಇಟ್ಟರು.