ಉಪ್ಪಿನೊಳಗೆ ಬಂದ ಬಸವನಹುಳು

ಹರಳುಪ್ಪು ಮೊರಕ್ಕೆ ಬೀಳುವ ಸದ್ದು ಕೇಳಿದರೆ ಈಗಲೂ ಮಸ್ಕಿಯ ಆ ಮನೆಯ ಬೆಳಗು ನೆನಪಾಗುತ್ತದೆ. ಅಂಗಳಕ್ಕೆ ಸೆಗಣಿನೀರು ಚಿಮುಕಿಸಿ ಆಗಿತ್ತು, ಒಲೆಯ ಮೇಲೆ ಬೇಳೆ ಕುದಿಯುತ್ತಿತ್ತು. ಅಪ್ಪನ ತಂಗಿ ಗಂಗತ್ತಿ, ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು, ಪಡಸಾಲೆಯಲ್ಲಿ ಉಪ್ಪು ಆರಿಸುತ್ತಿದ್ದಳು. ಹಿಂದಿನ ದಿನವಷ್ಟೇ ಅದೇ ಚೀಲದ ಉಪ್ಪಿನಲ್ಲಿ ವರ್ಷದ ಮಾವಿನ ಉಪ್ಪಿನಕಾಯಿ ಹಾಕಿ ಭರಣಿಗೆ ಬಿಳಿ ಬಟ್ಟೆ ಕಟ್ಟಿದ್ದಳು. ಆ ಮನೆಯಲ್ಲಿ ಅವಳದು ಅಂತ ಇದ್ದದ್ದು ಆ ಭರಣಿಯೊಂದೇ. ಬಂದವರು ಅವಳ ಹೆಸರು ಹಿಡಿದು ಕೇಳುತ್ತಿದ್ದದ್ದೂ ಅದಕ್ಕೇ.

ಕಾನ್ವೆಂಟಿನಿಂದ ರಜೆಗೆ ಬಂದಿದ್ದ ನನ್ನ ಕಣ್ಣಿಗೆ ಉಪ್ಪಿನ ನಡುವೆ ಸಾಸಿವೆಗಿಂತ ತುಸು ದೊಡ್ಡದೊಂದು ಸುರುಳಿ ಕಂಡಿತು. ಬಿಳಿ, ತುದಿಯಲ್ಲಿ ಕಂದು ಗೆರೆ. "ಅತ್ತೀ, ಸಮುದ್ರದ ಬಸವನಹುಳದ ಚಿಪ್ಪು!" ಎಂದು ಜಾಣತನ ತೋರಿಸಲು ಕೂಗಿದೆ. "ಸುಮ್ನಿರವ್ವ" ಎಂದು ಅತ್ತಿ ಅನ್ನುವಷ್ಟರಲ್ಲಿ ದೊಡ್ಡಪ್ಪ ಬಂದೇಬಿಟ್ಟ. ಅವನಿಗೆ ಇದ್ದದ್ದು ಎರಡೇ ಕೆಲಸ: ಪೂಜೆಗೆ ಶಂಖ ಊದುವುದು, ಹೆಂಗಸರ ತಪ್ಪು ಹುಡುಕುವುದು. ಎರಡಕ್ಕೂ ಕೆನ್ನೆ ಒಂದೇ ಥರ ಉಬ್ಬುತ್ತಿದ್ದವು.

"ಹುಳ ಸತ್ತ ಉಪ್ಪು ತಿನ್ನಸ್ತೀಯೇನಬೇ? ಮನೀ ಮಡಿ ಕೆಡಸಾಕತ್ತೀಯೇನು? ಭರಣಿ ತಿಪ್ಪಿಗೆ ಸುರುವು!"

"ಅಣ್ಣಾ, ಬರೇ ಚಿಪ್ಪರೀ ಅದು. ವರ್ಷದ್ದು ಐತಿ..."

"ಎದುರು ಮಾತಾಡ್ತೀ?"

ಶಂಖವೂ ಅಂಥದೇ ಹುಳುವಿನ ಮನೆ, ಬರೀ ದೊಡ್ಡದು, ಎಂದು ನಮ್ಮ ಸಿಸ್ಟರ್ ಪಾಠ ಮಾಡಿದ್ದರು. ಕೂಗಲು ಅಷ್ಟು ಚುರುಕಾಗಿದ್ದ ನನ್ನ ಬಾಯಿ ಅದನ್ನು ಹೇಳಲು ಬಿಚ್ಚಲಿಲ್ಲ. ದೊಡ್ಡಪ್ಪನ ಬಗ್ಗೆ ನನಗಿರುವ ಅಸಹ್ಯದಲ್ಲಿ ಒಂದು ಪಾಲು ನನ್ನ ಮೇಲಿನದೂ ಹೌದು. ಅತ್ತಿ ತಾನೇ ಭರಣಿ ಹೊತ್ತು ಹೋದಳು. ತಿಪ್ಪೆಯ ಬೂದಿಯ ಮೇಲೆ ಕೆಂಪೆಣ್ಣೆ ಹರಿಯಿತು. ಇಂಗು, ಮೆಂತ್ಯದ ವಾಸನೆ ಮಧ್ಯಾಹ್ನದವರೆಗೂ ಹಿತ್ತಲಲ್ಲಿ ನಿಂತಿತ್ತು. ಮತ್ತೆಂದೂ ಅವಳು ಉಪ್ಪಿನಕಾಯಿಗೆ ಕೈ ಹಾಕಲಿಲ್ಲ. ಆ ಮನೆ, ಅವಳು, ಯಾವುದೂ ಈಗಿಲ್ಲ. ಸೆರಗಿನ ತುದಿಯಿಂದ ಬಿಚ್ಚಿ ಅವಳು ನನಗೆ ಕೊಟ್ಟ ಚಿಪ್ಪು ಮಾತ್ರ ನನ್ನ ಕುಂಕುಮದ ಡಬ್ಬಿಯಲ್ಲಿದೆ. ದೊಡ್ಡಪ್ಪನ ಮುಖ ಮರೆತಿದ್ದೇನೆ, ಕೆನ್ನೆ ಮರೆತಿಲ್ಲ.

ಅವತ್ತು ಸಂಜೆ ಪಕ್ಕದ ಮನೆಯ ಶರಣಮ್ಮ ಮೊಸರಿನ ಹೆಪ್ಪಿಗೆ ಬಂದಳು. ಅತ್ತಿ ಬಟ್ಟಲು ಕೊಡುವಾಗ ಒಳಗಿನಿಂದ ಶಂಖ ಮೊಳಗಿತು. ಶರಣಮ್ಮ ಕೈಮುಗಿದು, ಮೆಟ್ಟಿಲಿಳಿಯುತ್ತ ಅಂದಳು:

"ನಿಮ್ಮಣ್ಣಾರು ಶಂಖ ಊದಿದ್ರ ಓಣಿಗೋಣಿನೇ ಮಡಿ ಆದಂಗ ಆಗತೈತಿ ನೋಡವಾ ಗಂಗವ್ವ."