ಕತ್ತಲೆ ಬೇಕಾದ ಗಿಡ

ಆಂಟಾಪ್ ಹಿಲ್‌ನ ಮಹಾದೇವಿ ಪರೇಲಿನ ಆಸ್ಪತ್ರೆಯೊಂದರಲ್ಲಿ ಆಯಾ. ಅಕ್ಕಪಕ್ಕದ ಮನೆಗಳಿಗೆಲ್ಲ ಒಂದೇ ಆದ ಮುಂಭಾಗದ ಗ್ಯಾಲರಿಯಲ್ಲಿ ಅವಳು ಇಟ್ಟಿದ್ದ ದಪ್ಪ ಎಲೆಯ ಕಲಂಚೋ ಗಿಡ ಮೂರು ವರ್ಷವಾದರೂ ಹೂ ಬಿಟ್ಟಿರಲಿಲ್ಲ. ದಿನಕ್ಕೆ ಹದಿನಾಲ್ಕು ತಾಸು ಪೂರ್ತಿ ಕತ್ತಲೆ ಸಿಕ್ಕರೆ ಮೊಗ್ಗು ಬರುತ್ತದೆ, ಗ್ಯಾಲರಿಯ ಟ್ಯೂಬ್‌ಲೈಟೇ ಅದಕ್ಕೆ ಅಡ್ಡಿ ಎಂದು ವಡಾಲದ ನರ್ಸರಿಯ ಮಾಲಿ ಹೇಳಿದ. ದೀಪಾವಳಿ ಮುಗಿದ ಮೇಲೆ ಅವಳು ದಿನಾ ಸಂಜೆ ಆರಕ್ಕೆ ಗಿಡದ ಮೇಲೆ ಬಕೆಟ್ ಕವುಚತೊಡಗಿದಳು. ತುಸು ಹೊತ್ತಿಗೆಲ್ಲ ಪಕ್ಕದ ಮನೆಯ ರುಕ್ಮಿಣಿಬಾಯಿ ಅದನ್ನು ತೆಗೆದಿಡುತ್ತಿದ್ದರು.

"ಪಾಪ, ಅದಕ್ಕ ಉಸಿರು ಕಟ್ಟತೈತಿ!"

"ಅಕ್ಕಾರ, ಅದಕ್ಕ ಕತ್ತಲಿನ ಬೇಕ್ರಿ. ಎಷ್ಟ್ ಸಲಾ ಹೇಳ್ಲಿ?"

ಒಂದು ತಿಂಗಳು ಹೀಗೇ ಹಾಳಾಯಿತು. ರೋಸಿಹೋದ ಮಹಾದೇವಿ ಕಪಾಟಿನ ಸೀರೆಗಳನ್ನೆಲ್ಲ ಮಂಚದ ಮೇಲೆ ಸುರಿದಳು. ಆರು ವಾರ ಪ್ರತಿ ಸಂಜೆ ಗಿಡವನ್ನು ಆ ಖಾಲಿ ಕಪಾಟಿನೊಳಗಿಟ್ಟು ಬೀಗ ಹಾಕಿ, ಬೆಳಿಗ್ಗೆ ಎಂಟಕ್ಕೆ ಹೊರಗಿಟ್ಟಳು. ಫೆಬ್ರವರಿ ಕೊನೆಗೆ ಗೊಂಚಲು ಗೊಂಚಲಾಗಿ ಕೆಂಪು ಹೂ ಅರಳಿತು.

ರುಕ್ಮಿಣಿಬಾಯಿ ಇಡೀ ಮಾಳಿಗೆಯವರನ್ನು ಕರೆದು ತೋರಿಸಿದರು. "ನೋಡ್ರಿ, ನಾ ದಿನಾ ಬಕೆಟ್ ತಗದಿದ್ದಕ್ಕ ಹೂ ಆತು!"

ಮಹಾದೇವಿ ಗಿಡದ ಒಂದು ಟೊಂಗೆ ಮುರಿದು ಅವರ ಕೈಗಿಟ್ಟಳು.

"ಇದನ್ನ ನಿಮ್ಮ ಮನ್ಯಾಗ ಹಚ್ಚಕೋರಿ, ಅಕ್ಕಾರ. ನನ್ನ ಗಿಡದ ತಂಟಿಗೆ ಮಾತ್ರ ಬರಬ್ಯಾಡ್ರಿ."